ನೀಲಿಯ ಪಕ್ಕದಲ್ಲಿ ಬಂದ ಕೆಂಪು

ನೀಲಿ ಪುಡಿ ನೀರಿಗೆ ಜಗ್ಗುವುದಿಲ್ಲ. ಬಕೆಟ್ಟಿಗೆ ಸುರಿದರೆ ಮೇಲೆ ತೇಲುತ್ತದೆ. ಕೋಲಿನಿಂದ ತಿರುವಿದರೆ ಕೋಲಿಗೇ ಹತ್ತುತ್ತದೆ. ಬಿಟ್ಟರೆ ಮರುದಿನ ತಳದಲ್ಲಿ ಕುಳಿತಿರುತ್ತದೆ, ಮೇಲಿನ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿರುತ್ತದೆ. ಕುದಿಸಿದರೂ ಅಷ್ಟೇ. ಉಪ್ಪು ಕರಗಿದಂತೆ, ಬೆಲ್ಲ ಕರಗಿದಂತೆ ಅದು ಕರಗುವ ಜಾತಿಯದಲ್ಲ. ಕಾರ್ಖಾನೆಯಲ್ಲಿ ಮಾಡಿದ ಪುಡಿ, ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿರುತ್ತಾರೆ. ನಾನು ಕನ್ನಡವನ್ನೇ ಮೂರನೇ ಇಯತ್ತೆಗೆ ಬಿಟ್ಟವಳು, ಆ ಡಬ್ಬಿಯನ್ನು ಓದಿಲ್ಲ. ಪುಡಿಯನ್ನು ಮಾತ್ರ ಪೂರ್ತಿ ಓದಿದ್ದೇನೆ ಎಂದುಕೊಂಡಿದ್ದೆ. ಹೋದ ಬೇಸಿಗೆಯ ಮೂರು ವಾರಗಳಲ್ಲಿ ಆ ಸೊಕ್ಕು ಇಳಿಯಿತು.

ಬೆಟಗೇರಿಯ ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಹಂಡೆ ಈಗ ಉಳಿದಿರುವುದು ನಮ್ಮದೊಂದೇ. ಕೆಲಸ ಮಾಡುವವರು ನಾನು ಮತ್ತು ನನ್ನ ಸೊಸೆ. ನೂಲು ಕೊಡುವವರು ಕೈಮಗ್ಗದ ಸಂಘದವರು. ಬಣ್ಣ ಹಾಕಿದ ನೂಲನ್ನೇ ಹೊರಗಿನ ಗಿರಣಿಯಿಂದ ತರಿಸಿದರೆ ಹೇಗೆ ಎಂದು ಸಂಘದಲ್ಲಿ ಮಾತು ಎದ್ದಿತ್ತು. ಹಾಗಾದರೆ ನಮ್ಮ ಹಂಡೆ ಬೋರಲು ಹಾಕಬೇಕು. ಸಂಘದಲ್ಲಿ ಬಟ್ಟೆ ತಪಾಸಣೆ ಮಾಡುವ ಸಾಹೇಬರೊಬ್ಬರಿದ್ದಾರೆ, ಕಡಕ್ ಮನುಷ್ಯ, ಆದರೆ ಹೇಳುವುದನ್ನು ಮುಖದ ಮುಂದೆ ಹೇಳುತ್ತಾರೆ. ಅವರೇ ಬಂದು ಹೊಸ್ತಿಲಲ್ಲಿ ನಿಂತರು.

"ಚಾಚಿ, ಒಂದು ಥಾನು ಮಾಡಿಸಿ ಕೊಡ್ರಿ. ಒಂದು ಪಟ್ಟಿ ನೀಲಿ, ಒಂದು ಪಟ್ಟಿ ಬಿಳಿ. ನೀಲಿ ನಿಮ್ಮ ಹಂಡೇದು. ತೊಳದು ನೋಡತೀನಿ, ತಿಕ್ಕಿ ನೋಡತೀನಿ. ಬಿಳಿ ಮ್ಯಾಲೆ ಬಣ್ಣ ಹತ್ತಲಿಲ್ಲಂದ್ರ ನೂಲು ನಿಮ್ಮ ಕಡೇನ ಬರತೈತಿ. ಹತ್ತಿತಂದ್ರ ಗಿರಣಿದು ತರಸ್ತೀವಿ. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗಿ ಏನು ಮಾಡ್ಲೀ? ನಿಮಗ ನೀಲಿ ಬಳೀಲೇನು?" ಎಂದೆ.

ಅವರು ನಗಲಿಲ್ಲ. ನಾನೂ ನಗಲೆಂದು ಹೇಳಿರಲಿಲ್ಲ.

ಥಾನು ನೇಯುವುದು ನಮ್ಮ ಎದುರು ಮನೆಯವಳು ಎಂದಾಯಿತು. ಗಂಡ ಹೆಂಡತಿ ಇಬ್ಬರೂ ನೇಯುತ್ತಾರೆ, ಆದರೆ ಕೈ ಚೊಕ್ಕ ಇರುವುದು ಹೆಂಡತಿಯದು. ನಡುವೆ ಓಣಿ ಎಷ್ಟು ಸಣ್ಣದೆಂದರೆ ಅವಳ ಲಾಳಿಯ ಸಪ್ಪಳ ನಿಂತರೆ ನನಗೆ ಹಂಡೆಯ ಹತ್ತಿರ ಗೊತ್ತಾಗುತ್ತದೆ.

ಮೊದಲ ದಿನ ನೂಲಿನ ಲಡಿಗಳನ್ನು ಸೋಡಾ ಹಾಕಿ ಕುದಿಸಿದೆವು. ಹತ್ತಿಗೆ ಹುಟ್ಟಿನಿಂದ ಒಂದು ಜಿಡ್ಡು ಇರುತ್ತದೆ, ಅದು ಹೋಗದಿದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಹೋಯಿತೋ ಇಲ್ಲವೋ ನೋಡಲು ತೊಳೆದು ಒಣಗಿಸಿದ ಲಡಿಯ ತುದಿಯನ್ನು ತಣ್ಣೀರಿನ ಮೇಲೆ ಬಿಡಬೇಕು. ಕೂಡಲೇ ಮುಳುಗಿದರೆ ಆಯಿತು. ತೇಲಿದರೆ ಮತ್ತೆ ಕುದಿಸಬೇಕು. ನಮ್ಮದು ಎರಡನೇ ಸಲಕ್ಕೆ ಮುಳುಗಿತು.

ಮರುದಿನ ಹಂಡೆ. ಪುಡಿಯನ್ನು ಬಣ್ಣದ ಅಂಗಡಿಯ ಎಣ್ಣೆ ಹಾಕಿ ಕಲ್ಲಿನಲ್ಲಿ ಅರೆದು ಗಂಟಿಲ್ಲದ ಹಾಗೆ ಮಾಡಿಕೊಂಡೆ. ನೀರು ಬಿಸಿ ಇರಬೇಕು, ಕುದಿಯಬಾರದು. ಬೆರಳು ಅದ್ದಿ ಮೂರು ಎಣಿಸುವಷ್ಟರಲ್ಲಿ ಕಿತ್ತುಕೊಳ್ಳಬೇಕು ಎನಿಸಿದರೆ ಸರಿ. ಅದಕ್ಕೆ ಕಾಸ್ಟಿಕ್ ಸೋಡಾ. ಕಾಸ್ಟಿಕ್ ಬಿದ್ದ ನೀರನ್ನು ಎರಡು ಬೆರಳಲ್ಲಿ ತಿಕ್ಕಿದರೆ ಲೋಳೆಯ ಹಾಗೆ ಜಾರುತ್ತದೆ. ಜಾರುವುದು ನೀರಲ್ಲ, ನಮ್ಮ ತೊಗಲೇ ಕರಗುವುದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನು ಕೈಗವಸು ಹಾಕಿಕೊಳ್ಳುವುದಿಲ್ಲ, ಸೊಸೆಗೆ ಹಾಕಿಸುತ್ತೇನೆ. ಕಡೆಗೆ ಹೈಡ್ರೋಸ್. ಬಿಳಿ ಪುಡಿ, ಮೂಗಿಗೆ ಗಂಧಕದ ಘಾಟು. ಅದನ್ನು ಮೇಲೆ ಉದುರಿಸಿ, ಮೆಲ್ಲಗೆ ತಿರುವಿ, ಮುಚ್ಚಿಟ್ಟೆ.

ಅರ್ಧ ತಾಸಿಗೆ ಮುಚ್ಚಳ ತೆಗೆದರೆ ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿರಬೇಕು, ಕೆನೆ ಸರಿಸಿದರೆ ಒಳಗೆ ಹೆಸರುಬೇಳೆ ಬೇಯಿಸಿದ ಕಟ್ಟಿನಂಥ ಹಳದಿ ನೀರು ಕಾಣಬೇಕು. ನೀಲಿಯ ಹಂಡೆಯಲ್ಲಿ ನೀಲಿ ಕಂಡರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. ನಮ್ಮದರಲ್ಲಿ ನೀಲಿಯೇ ಕಂಡಿತು. ಇನ್ನೊಂದು ತಾಸು ಬಿಟ್ಟರೂ ನೀಲಿಯೇ.

ಸೊಸೆ ಹೈಡ್ರೋಸಿನ ಡಬ್ಬಿಯನ್ನು ಅಲುಗಾಡಿಸಿದಳು. ಒಳಗೆ ಗಂಟು ಗಂಟಾಗಿ ಕಟಕಟ ಎಂದಿತು.

"ಅಮ್ಮಾ, ಯಾರೋ ಮುಚ್ಚಳ ಸಡಲ ಬಿಟ್ಟಾರ. ಥಂಡಿ ಹತ್ತೇತಿ."

"ಯಾರೋ ಅಂದ್ರ? ಈ ಮನ್ಯಾಗ ನೀ ಒಬ್ಬಾಕಿ, ನಾ ಒಬ್ಬಾಕಿ."

"ನಾ ಅಲ್ಲ ಬಿಡ್ರಿ."

"ಹಂಗಾದ್ರ ನಾನ. ಆತು, ಹೊಸಾದು ತಾ ನಡಿ."

ಹೈಡ್ರೋಸಿಗೆ ಗಾಳಿ, ತೇವ ತಾಗಿದರೆ ಅದರ ಸತ್ವ ಹೋಗುತ್ತದೆ. ನೋಡಲು ಹಾಗೆಯೇ ಬಿಳಿಯಾಗಿರುತ್ತದೆ, ಒಳಗೆ ಸತ್ತಿರುತ್ತದೆ. ಹೊಸ ಡಬ್ಬಿ ಒಡೆದು ಹಾಕಿದ ಮೇಲೆ ಹಂಡೆ ಹಳದಿಗೆ ತಿರುಗಿತು. ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಬಿಟ್ಟು ಎಣಿಸಿದೆ. ಇಪ್ಪತ್ತರ ಹೊತ್ತಿಗೆ ಅಂಚು ನೀಲಿಯಾಯಿತು. ಇದು ನನಗೆ ಬೇಕಾದ ಲೆಕ್ಕ. ಹತ್ತಕ್ಕೇ ನೀಲಿಯಾದರೆ ಹೈಡ್ರೋಸ್ ಕಡಿಮೆ, ನಲವತ್ತಾದರೂ ಆಗದಿದ್ದರೆ ಹೆಚ್ಚು.

ಒದ್ದೆ ಲಡಿಯನ್ನು ಹಿಂಡಿ, ಗಾಳಿಯ ಗುಳ್ಳೆ ಒಳಗೆ ಹೋಗದಂತೆ ಮೆಲ್ಲಗೆ ಮುಳುಗಿಸಿ, ನೀರಿನೊಳಗೇ ತಿರುವಿ ಎತ್ತಬೇಕು. ಎತ್ತಿದಾಗ ಹಳದಿ. ಒಂದು ಎಲೆಯಡಿಕೆ ಮಡಿಚುವಷ್ಟರಲ್ಲಿ ಹಸಿರು. ಅದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನೀಲಿ. ಇಷ್ಟು ವರ್ಷವಾದರೂ ಅದನ್ನು ನೋಡುವುದನ್ನು ನಾನು ಬಿಟ್ಟಿಲ್ಲ. ಹೈಡ್ರೋಸ್ ಅದರಿಂದ ಏನನ್ನೋ ಕಸಿದುಕೊಳ್ಳುತ್ತದೆ, ಗಾಳಿ ಅದನ್ನು ವಾಪಸು ಕೊಡುತ್ತದೆ. ಕಸಿದುಕೊಂಡಾಗ ಕರಗುತ್ತದೆ, ಕರಗಿದಾಗ ನೂಲಿನ ಒಳಗೆ ಹೋಗುತ್ತದೆ. ವಾಪಸು ಸಿಕ್ಕಿತೋ, ಮೊದಲಿನ ಹಠಮಾರಿಯಾಗಿ ನೂಲಿನೊಳಗೇ ಕುಳಿತುಬಿಡುತ್ತದೆ. ಆಮೇಲೆ ನೀರಿಗೆ ಹೆದರುವುದಿಲ್ಲ. ಒಂದೇ ಸಲ ಗಟ್ಟಿ ಹಂಡೆಯಲ್ಲಿ ಬಹಳ ಹೊತ್ತು ಇಟ್ಟರೆ ಬಣ್ಣ ಮೇಲೆಯೇ ಕೂರುತ್ತದೆ, ತಿಕ್ಕಿದರೆ ಕೈಗೆ ಬರುತ್ತದೆ. ಅದಕ್ಕೆ ತೆಳು ಹಂಡೆ, ಆರು ಮುಳುಗು. ಪ್ರತಿ ಮುಳುಗಿಗೂ ನಡುವೆ ಗಾಳಿ. ಕಪ್ಪತಗುಡ್ಡದ ಕಡೆಯ ಗಾಳಿ ಆ ಎರಡು ದಿನ ಚೆನ್ನಾಗಿ ಬೀಸಿತು. ಆಮೇಲೆ ಸಾಬೂನಿನಲ್ಲಿ ಕುದಿಸಿ ಸಡಿಲ ಬಣ್ಣ ತೆಗೆದೆವು.

ನಂತರ ತೊಳೆಯುವುದು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬೋರಿನ ನೀರು ಸವಳು. ಮೊದಲೆರಡು ತೊಳೆತಕ್ಕೆ ಬೋರು, ಆಮೇಲಿನ ಮೂರಕ್ಕೆ ನಳ, ಇದು ನಮ್ಮ ಪದ್ಧತಿ. ಆ ವಾರ ನಳ ಬರಲಿಲ್ಲ. ತೊಟ್ಟಿಯಲ್ಲಿ ಉಳಿದದ್ದು ಒಂದು ತೊಳೆತದ ನೀರು. ಬೋರಿನಲ್ಲಿ ಎರಡು, ನಳದ್ದರಲ್ಲಿ ಒಂದು ಆಯಿತು. ನೀರು ತಿಳಿಯಾಗಿ ಬಂತು. ಬಣ್ಣ ಬಿಡುತ್ತಿಲ್ಲ, ಸಾಕು ಎಂದು ನಾನೇ ಹೇಳಿದೆ. ಲಡಿಗಳನ್ನು ಒಣಗಲು ಗಳಕ್ಕೆ ಹಾಕಿದೆ.

ಎದುರು ಮನೆಯವಳು ನೂಲಿಗೆ ಗಂಜಿ ಹಾಕಿ, ಹಾಸು ಮಾಡಿ, ಮಗ್ಗಕ್ಕೆ ಏರಿಸಿದಳು. ಉದ್ದನೆಯ ಹಾಸಿನಲ್ಲಿ ಒಂದು ಪಟ್ಟಿ ನೀಲಿ, ಒಂದು ಪಟ್ಟಿ ಬಿಳಿ. ಅಡ್ಡ ಓಡುವ ಹೊಕ್ಕು ಪೂರ್ತಿ ಬಿಳಿ. ಹೊಕ್ಕಿನ ನೂಲನ್ನು ನಮ್ಮ ಕಡೆ ಒದ್ದೆ ಮಾಡಿಯೇ ನೇಯುತ್ತಾರೆ, ಬಟ್ಟೆ ಗಟ್ಟಿ ಕೂರುತ್ತದೆ. ಎರಡನೇ ದಿನ ಓಣಿಯ ಆ ಕಡೆಯಿಂದ ಕೂಗಿದಳು.

"ಚಾಚೀ, ನಿಮ್ಮ ನೀಲಿ ಮುಟ್ಟಿದರ ಬೆರಳು ಚುರುಚುರು ಅಂತಾವ ನೋಡ್ರಿ."

"ಹೊಸಾ ನೂಲು ಹಂಗ. ಬೆರಳು ಮೆತ್ತಗ ಅದಾವಂತ ಹೇಳು. ನನ್ನ ಕೈ ನೋಡಿ ಕಲಿ."

"ನಿಮ್ಮ ಕೈ ಕೈಯಲ್ಲ, ಎಮ್ಮಿ ತೊಗಲು."

ನಕ್ಕು ಬಿಟ್ಟೆವು. ಈಗ ಹೇಳುವಾಗ ನಗು ಬರುವುದಿಲ್ಲ.

ಅದೇ ವಾರ ಅವಳ ನಾದಿನಿಯ ಕುಬಸ ಇತ್ತು. ತವರಿಗೆ ಬಂದ ಬಸುರಿಗೆ ಹಸಿರು ಸೀರೆ ಉಡಿಸಿ, ಓಣಿಯ ಹೆಂಗಸರನ್ನೆಲ್ಲ ಕರೆದು ಊಟ ಹಾಕಿದರು. ನಾನೂ ಹೋಗಿ ಹೋಳಿಗೆ ತಿಂದು ಬಂದೆ. ಅರಿಶಿನ ಕಲಸಿದವಳು ನೇಯುವವಳೇ, ಬಂದವರ ಕೈಗೆ ಕೆನ್ನೆಗೆ ಹಚ್ಚಿದವಳೂ ಅವಳೇ. ಅವಳ ಕೈ ಮೊಣಕೈಯವರೆಗೆ ಹಳದಿ ಇದ್ದದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಮಧ್ಯಾಹ್ನ ಊಟ ಮುಗಿದ ಮೇಲೆ ಕೈ ತೊಳೆದುಕೊಂಡು ಮತ್ತೆ ಮಗ್ಗಕ್ಕೆ ಇಳಿದಳು, ಥಾನು ಕೊಡುವ ದಿನ ಹತ್ತಿರ ಬಂದಿತ್ತಲ್ಲ.

ಥಾನು ಹೋದ ಮೂರನೇ ದಿನ ಸಾಹೇಬರು ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಚಾಚಿ, ನಿಮ್ಮ ನೀಲಿ ಗಟ್ಟಿ ಐತಿ. ಒಂದು ಮೂಲಿ ಕತ್ತರಿಸಿ ಕುದಿಸಿದೆ, ಬಿಳಿ ಬಟ್ಟಿಲೆ ತಿಕ್ಕಿದೆ, ಬಿಡಲಿಲ್ಲ. ಖರೆ ಹೇಳತೀನಿ, ಖುಷಿ ಆತು. ಆದರ ಇದೇನ್ರಿ?"

ಥಾನು ಬಿಚ್ಚಿದರು. ಬಿಳಿ ಪಟ್ಟಿಯ ಅಂಚಿನಲ್ಲಿ, ನೀಲಿಗೆ ತಾಗಿದಲ್ಲಿ, ಮಾಸಿದ ಕೆಂಪು ಕಲೆಗಳು. ಎರಡು ಮೊಳದ ಉದ್ದಕ್ಕೆ ಅಲ್ಲಲ್ಲಿ.

"ಕೆಂಪು ನಾ ಹಾಕೇ ಇಲ್ಲ," ಎಂದೆ.

"ನೀವು ಹಾಕಿಲ್ರೀ. ಪುಡಿ ಒಳಗ ಇರಬಹುದು. ಕಲಬೆರಕಿ. ನೀಲಿ ನಿಂತೈತಿ, ಅದರಾಗಿನ ಕೆಂಪು ಬಿಟ್ಟೈತಿ. ನಾ ಸೋಮವಾರ ವರದಿ ಬರೀಬೇಕು. ಅಷ್ಟರೊಳಗ ಏನಾರ ಹೇಳೂದಿದ್ದರ ಹೇಳ್ರಿ."

ಥಾನಿನ ಅರ್ಧವನ್ನು ಬಿಟ್ಟು ಹೋದರು. ಅಂದು ಗುರುವಾರ.

ನೀಲಿಯೊಳಗೆ ಕೆಂಪು ಎಲ್ಲಿಂದ ಬಂತು? ಹೆದರಿಕೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಕುತೂಹಲ. ಹೆದರಿಕೆ ಆಮೇಲೆ ಬಂತು.

ಉಳಿದ ನೀಲಿ ಲಡಿಯನ್ನು ಬಿಳಿ ನೂಲಿನ ಜೊತೆ ಹೆಣೆದು ಕುದಿಸಿದೆ. ಬಿಳಿ ಬಿಳಿಯಾಗಿಯೇ ಉಳಿಯಿತು. ಪುಡಿಯನ್ನು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿದೆ. ಕಲಬೆರಕೆಯ ಕೆಂಪು ಇದ್ದರೆ ಅದಾದರೂ ನೀರಿಗೆ ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಬೆಂಕಿಗೆ ಹಾಕಿ ನೋಡೋಣ ಎಂದು ಕಬ್ಬಿಣದ ಹಂಚನ್ನು ಅಂಗಳದ ಒಲೆಯ ಮೇಲೆ ಇಟ್ಟೆ. ರೊಟ್ಟಿಗೆ ಬೇಕಾದ ಕಾವು ಇದಕ್ಕೆ ಸಾಲದು. ಹಂಚು ಚೆನ್ನಾಗಿ ಕಾದು ಮೈ ಬದಲಾದ ಮೇಲೆ, ಬಾಯಿಗೆ ಸೆರಗು ಕಟ್ಟಿಕೊಂಡು, ಚಿಟಿಕೆ ಪುಡಿ ಹಾಕಿದೆ.

ಪುಡಿ ಕರಗಲಿಲ್ಲ, ಉರಿಯಲಿಲ್ಲ. ಹೊಗೆಯಾಗಿ ಎದ್ದಿತು. ಹೊಗೆಯ ಬಣ್ಣ ನೇರಳೆ. ಬದನೆಕಾಯಿಯ ಸಿಪ್ಪೆಯ ನೇರಳೆಯಲ್ಲ, ಕೆಂಪು ಕಲೆಸಿದ ನೇರಳೆ.

"ಅಮ್ಮಾ! ಕೆಂಪು ಐತಿ ನೋಡ್ರಿ ಒಳಗ!" ಎಂದು ಸೊಸೆ ಕೂಗಿದಳು. "ಸಾಹೇಬ್ರು ಹೇಳಿದ್ದು ಖರೇನ ಆತು. ಅಂಗಡಿಯವಗ ಫೋನ್ ಹಚ್ಚತೀನಿ, ಇವತ್ತ ಅವನ ಜನ್ಮ ಜಾಲಾಡತೀನಿ."

"ತಡಿ. ಜನ್ಮ ಆಮ್ಯಾಲೆ ಜಾಲಾಡು. ಒಂದು ಸ್ಟೀಲ್ ತಾಟಿನ್ಯಾಗ ತಣ್ಣೀರು ಹಾಕ್ಕೊಂಡು ಬಾ."

ಇನ್ನೊಂದು ಚಿಟಿಕೆ ಹಾಕಿ, ಆ ಹೊಗೆಯ ಮೇಲೆ ತಣ್ಣೀರಿನ ತಾಟನ್ನು ಇಕ್ಕಳದಿಂದ ಹಿಡಿದೆ. ಹಪ್ಪಳ ಸುಡುವಷ್ಟು ಹೊತ್ತು. ತಾಟನ್ನು ತಿರುಗಿಸಿ ನೋಡಿದರೆ ತಳಕ್ಕೆ ಹತ್ತಿದ್ದು ಕೆಂಪಲ್ಲ, ನೇರಳೆಯೂ ಅಲ್ಲ, ದಟ್ಟ ನೀಲಿ. ಬೆರಳಿನಿಂದ ಕೆರೆದು ಬಟ್ಟಲಿಗೆ ಹಾಕಿ, ಬಿಸಿನೀರು, ಒಂದಿಷ್ಟು ಕಾಸ್ಟಿಕ್, ಒಂದಿಷ್ಟು ಹೈಡ್ರೋಸ್ ಬಿಟ್ಟೆ. ಹಳದಿಯಾಯಿತು. ಬಿಳಿ ಚಿಂದಿಯನ್ನು ಅದ್ದಿ ಎತ್ತಿದೆ. ಹಳದಿ, ಹಸಿರು, ನೀಲಿ.

ಅಲ್ಲಿಗೆ ಒಂದು ಮಾತು ಗಟ್ಟಿಯಾಯಿತು. ಹೊಗೆಯಾದಾಗ ನೇರಳೆ, ಕರಗಿದಾಗ ಹಳದಿ, ಕುಳಿತಾಗ ನೀಲಿ, ಮೂರೂ ಅದೇ ಪುಡಿ. ಏಕೆ ಹಾಗೆ ಎಂದು ನನಗೆ ಗೊತ್ತಿಲ್ಲ. ಕಲಬೆರಕೆ ಇಲ್ಲ ಎಂದು ಗೊತ್ತಾಯಿತು. ಅಂಗಡಿಯವನ ಜನ್ಮ ಉಳಿಯಿತು. ಆದರೆ ಥಾನಿನ ಮೇಲಿನ ಕೆಂಪು ಎಲ್ಲಿಯದು ಎಂಬುದು ಇದ್ದಲ್ಲೇ ಇತ್ತು.

ಶುಕ್ರವಾರ ಥಾನನ್ನು ಬೆಳಕಿಗೆ ಹಿಡಿದು ಕುಳಿತೆ. ಪುಡಿಯನ್ನೇ ನೋಡುತ್ತಿದ್ದವಳು ಅಂದು ಕಲೆಯನ್ನು ನೋಡಿದೆ. ಬಣ್ಣ ಬಿಟ್ಟ ಕಲೆ ಉದ್ದಕ್ಕೂ ಹರಿಯುತ್ತದೆ. ಇವು ಹರಿದಿರಲಿಲ್ಲ. ಗುಂಡಗೆ, ಉದ್ದಗೆ, ಒಂದರ ಪಕ್ಕ ಒಂದು, ನಾಲ್ಕು. ಮನುಷ್ಯರ ಬೆರಳು. ಒಂದು ಹೆಬ್ಬೆರಳಿನ ಗುರುತಂತೂ ವಿಚಿತ್ರವಾಗಿತ್ತು. ನೀಲಿಗೆ ಹತ್ತಿರದ ಅರ್ಧ ಕೆಂಪು, ಬಿಳಿಯ ನಡುವಿಗೆ ಹೋದ ಅರ್ಧ ಹಳದಿ. ಆ ಹಳದಿ ಎಷ್ಟು ತೆಳುವೆಂದರೆ ಸಾಹೇಬರು ಎಣ್ಣೆಯ ಕಲೆ ಎಂದುಕೊಂಡಿರಬೇಕು. ಒಂದೇ ಬೆರಳು ಎರಡು ಬಣ್ಣ ಹೇಗೆ ಹಚ್ಚೀತು?

ಅಷ್ಟರಲ್ಲಿ ಬಚ್ಚಲಿನಿಂದ ಸೊಸೆಯ ಗೊಣಗಾಟ ಕೇಳಿತು. ಬೆಳಿಗ್ಗೆ ಅವಳ ಬಿಳಿ ಓಢಣಿಯ ಮೇಲೆ ಬೇಳೆಸಾರು ಚೆಲ್ಲಿತ್ತು. ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ಹಳದಿ ಕಲೆ ಕೆಂಪಾಗಿ ನಿಂತಿತ್ತು. ನಾನು ಎದ್ದು ಹೋಗಿ ಓಢಣಿಯನ್ನು ಕೈಯಿಂದ ಕಸಿದುಕೊಂಡೆ. ಥಾನನ್ನು ಪಕ್ಕಕ್ಕೆ ಹಿಡಿದೆ. ಒಂದೇ ಕೆಂಪು.

"ಅಮ್ಮಾ, ಅರಿಶಿಣಕ್ಕ ಸಾಬೂನು ಹಚ್ಚಿದರ ಕೆಂಪಾಗತೈತಿ ಅನ್ನೂದು ನಿಮಗ ಇವತ್ತ ಗೊತ್ತಾತೇನು?"

"ಗೊತ್ತಿತ್ತು."

"ಮತ್ತ?"

"ಗೊತ್ತಿದ್ದದ್ದು ಅಡಿಗಿ ಮನ್ಯಾಗ ಇತ್ತು. ಹಂಡೇದ ಕಡೆ ಬಂದಿದ್ದಿಲ್ಲ."

ನಿಂಬೆಹಣ್ಣು ಕೊಯ್ದು ಥಾನಿನ ಒಂದು ಕೆಂಪು ಬೆರಳ ಗುರುತಿನ ಮೇಲೆ ಎರಡು ಹನಿ ಹಿಂಡಿದೆ. ಹಳದಿಯಾಯಿತು. ಅದೇ ಜಾಗಕ್ಕೆ ಸೋಡಾ ನೀರು ಮುಟ್ಟಿಸಿದೆ. ಕೆಂಪಾಯಿತು. ಮತ್ತೆ ನಿಂಬೆ. ಮತ್ತೆ ಹಳದಿ. ಸೊಸೆ, "ಸಾಕು ಬಿಡ್ರಿ, ಅದಕ್ಕೂ ತಲಿ ತಿರಗತೈತಿ," ಎಂದಳು.

ಥಾನು ಹಿಡಿದು ಎದುರು ಮನೆಗೆ ಹೋದೆ. ಗಂಡ ಮಗ್ಗದ ಮೇಲಿದ್ದ, ಹೆಂಡತಿ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಂಪು ಹಂಡೆಯ ಬಣ್ಣದ್ದಲ್ಲ, ಅರಿಶಿನದ್ದು, ಕುಬಸದ ದಿನದ ಕೈಯದು ಎಂದೆ. ಗಂಡ ಲಾಳಿ ಕೆಳಗಿಟ್ಟ.

"ನಿನಗ ಬುದ್ಧಿ ಐತೇನು? ಆ ಕೈಲೆ ಥಾನು ಮುಟ್ಟತಾರೇನು? ಚಾಚಿ, ಸಾಹೇಬ್ರಿಗೆ ಹಂಗ ಹೇಳಿಬಿಡ್ರಿ. ಬಣ್ಣದ ತಪ್ಪಲ್ಲ, ಇಕಿ ಕೈ ತಪ್ಪು ಅಂತ. ನಿಮ್ಮ ಹಂಡೇರ ಉಳೀಲಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ನೇಯುವವರ ಕೈ ಹೊಲಸು ಎಂದು ವರದಿಯಲ್ಲಿ ಬಂದರೆ ಆ ಮಗ್ಗಕ್ಕೆ ಬಿಳಿ ನೂಲು ಕೊಡುವುದನ್ನು ಸಂಘ ನಿಲ್ಲಿಸುತ್ತದೆ. ಇದು ಮೂವರಿಗೂ ಗೊತ್ತಿತ್ತು.

ಅವಳು ರಾಟೆ ನಿಲ್ಲಿಸಲಿಲ್ಲ. ಕಂಡಿಕೆ ತುಂಬುವವರೆಗೆ ಸುತ್ತಿ, ದಾರ ಕಡಿದು, ಆಮೇಲೆ ಮಾತಾಡಿದಳು.

"ಹೇಳ್ರಿ ಚಾಚಿ, ನನ್ನ ಕೈ ಅನ್ನೂದು ಖರೆ. ಮೂರು ಸಲ ತೊಳಕೊಂಡೆ, ಅರಿಶಿಣ ಉಗುರಾಗ ಇತ್ತು. ಆದರ ಒಂದು ಕೇಳತೀನಿ. ನಾ ವರ್ಷಾನಗಟ್ಟಲೆ ಅರಿಶಿಣ ಹಚ್ಚಗೋತೀನಿ, ವರ್ಷಾನಗಟ್ಟಲೆ ನೇಯತೀನಿ. ಬಿಳಿಗೆ ಹಳದಿ ಹತ್ತಿದ್ದು ಕಂಡೀನಿ. ಕೆಂಪು ಎಂದೂ ಕಂಡಿಲ್ಲ. ಅರಿಶಿಣ ಕೆಂಪಾಗಾಕ ಸಾಬೂನು ಬೇಕಲ್ಲ? ನನ್ನ ಮಗ್ಗದಾಗ ಸಾಬೂನು ಎಲ್ಲಿತ್ತು?"

ನಾನು ಮಡಿಚಿದ ಥಾನನ್ನು ಮತ್ತೆ ಬಿಚ್ಚಿ ನೋಡಿದೆ.

"ಬೆರಳು ಚುರುಚುರು ಅಂತಾವ ಅಂದೆ. ಎಮ್ಮಿ ತೊಗಲಿನವರು ನಕ್ಕೊಂಡು ಹೋದ್ರಿ."

ಮನೆಗೆ ಬಂದು ಒಗೆಯದ ಬಿಳಿ ದಾರಕ್ಕೆ ಅರಿಶಿನ ತಿಕ್ಕಿ ಒಣಗಿಸಿದೆ. ಉಳಿದಿದ್ದ ನೀಲಿ ಲಡಿಯನ್ನು ಕುಡಿಯುವ ನೀರಿನಲ್ಲಿ ಒಂದು ತಾಸು ನೆನೆಯಿಟ್ಟೆ. ನೀರು ತಿಳಿ. ಒಂದು ಎಳೆ ಬಣ್ಣವೂ ಬಿಟ್ಟಿರಲಿಲ್ಲ. ಹಳದಿ ದಾರವನ್ನು ಅದರಲ್ಲಿ ಅದ್ದಿದೆ. ಎತ್ತುವ ಮೊದಲೇ ಕೆಂಪಾಗಿತ್ತು. ಬರೀ ಕುಡಿಯುವ ನೀರಿನಲ್ಲಿ ಇನ್ನೊಂದು ದಾರ ಅದ್ದಿದೆ. ಹಳದಿಯಾಗಿಯೇ ಇತ್ತು.

ಕಾಸ್ಟಿಕ್ ನೂಲಿನಲ್ಲೇ ಉಳಿದಿತ್ತು. ಐದು ತೊಳೆತದ ಕಡೆ ಮೂರು ಮಾಡಿದವಳು ನಾನು. ನೀರು ತಿಳಿಯಾಗಿದೆ, ಸಾಕು ಎಂದವಳೂ ನಾನು. ಬಣ್ಣದ ಕೆಲಸದವರಿಗೆ ಇದೊಂದು ರೋಗ. ಬಣ್ಣ ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಕಾಸ್ಟಿಕ್ಕಿಗೆ ಬಣ್ಣವೇ ಇಲ್ಲ, ಅದು ನನ್ನ ಕಣ್ಣಿಗೆ ಕಾಣಲಿಲ್ಲ. ಒದ್ದೆ ಹೊಕ್ಕು ಹಾಸಿನ ಮೇಲೆ ಓಡಿದಾಗ ನೀಲಿಯಿಂದ ಪಕ್ಕದ ಬಿಳಿಗೆ ಜಿನುಗಿತು. ಅಲ್ಲಿ ಅರಿಶಿನದ ಬೆರಳು ಬಿತ್ತು. ನೀಲಿಯಿಂದ ದೂರ ಬಿದ್ದ ಬೆರಳು ಹಳದಿಯಾಗಿ ಉಳಿಯಿತು. ಅವಳ ಕೈ ಬಿದ್ದಿರದಿದ್ದರೆ ಆ ಥಾನು ಪಾಸಾಗುತ್ತಿತ್ತು, ಉಟ್ಟವರ ಮೈ ಚುರುಚುರು ಎನ್ನುತ್ತಿತ್ತು.

ಶನಿವಾರ ಭಾನುವಾರ ಎರಡು ದಿನ ಇದ್ದವು. ಗಂಡ ಹೇಳಿಕೊಟ್ಟ ಮಾತು ಸುಳ್ಳೇನೂ ಅಲ್ಲ, ಅರ್ಧ ಖರೆ. ಅಷ್ಟು ಹೇಳಿದರೆ ಹಂಡೆ ಉಳಿಯುತ್ತದೆ. ಪೂರ್ತಿ ಹೇಳಿದರೆ ತಪ್ಪು ನನ್ನ ಹಂಡೆಯದ್ದೇ. ಸೊಸೆ ಪಾತ್ರೆಗಳನ್ನು ಜೋರಾಗಿ ಇಟ್ಟಳು. ನನಗೆ ಒಂದೇ ಲೆಕ್ಕ ಸಿಗುತ್ತಿರಲಿಲ್ಲ. ಅರ್ಧ ಹೇಳಿ ಬಂದರೆ, ನಾಳೆ ಓಣಿಯ ಆ ಕಡೆ ಲಾಳಿಯ ಸಪ್ಪಳ ನಿಂತಾಗ ಏನು ಮಾಡುವುದು? ಹಂಡೆ ಇರುತ್ತದೆ, ನೇಯುವವಳು ಇರುವುದಿಲ್ಲ.

ಭಾನುವಾರ ಸಂಜೆ ನಳ ಬಂತು. ಒಂಬತ್ತು ಕೊಡ ಹಿಡಿದಿಟ್ಟೆ.

ಸೋಮವಾರ ಗದಗಿಗೆ ಹೋಗಿ ಸಾಹೇಬರ ಮೇಜಿನ ಮೇಲೆ ಥಾನು, ಲಡಿ, ಎರಡು ಲೋಟ, ಹಳದಿ ದಾರ ಇಟ್ಟೆ. ಒಂದು ಲೋಟದಲ್ಲಿ ಬರೀ ನೀರು, ಒಂದರಲ್ಲಿ ಲಡಿ ನೆನೆಸಿದ ನೀರು. ದಾರ ಅದ್ದಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಾವೇ ಇನ್ನೊಂದು ದಾರ ಅದ್ದಿದರು.

"ಅಂದ್ರ ನೇಯೋಕಿ ಕೈ ಅರಿಶಿಣ."

"ಕೈ ಆಕೀದು. ಕಾಸ್ಟಿಕ್ ನಂದು. ನಾ ಸರಿ ತೊಳದಿಲ್ಲ."

"ಇದು ಕೆಂಪಿಗಿಂತ ದೊಡ್ಡ ತಪ್ಪು ಚಾಚಿ. ಉಟ್ಟವರ ಮೈ ಕಡೀತೈತಿ."

"ಅದಕ್ಕ ಬಂದೀನಿ."

"ಹೇಳದಿದ್ದರ ನನಗ ಗೊತ್ತಾಗತಿರಲಿಲ್ಲ. ಕೈ ಹೊಲಸು ಅಂತ ಬರದು ಮುಗಸತಿದ್ದೆ."

"ಅದಕ್ಕೂ ಬಂದೀನಿ."

ಅವರು ವರದಿಯ ಕಾಗದವನ್ನು ಸರಿಸಿ ಇಟ್ಟರು. ಅದೇ ಥಾನನ್ನು ನಾನು ಅವರ ಕಣ್ಣ ಮುಂದೆ ತೊಳೆಯುತ್ತೇನೆ, ಆಮೇಲೆ ಬರೆಯಿರಿ ಎಂದೆ. ಒಪ್ಪಿದರು.

ಮರುದಿನ ಬೆಳಿಗ್ಗೆ ಬಂದು ಹಂಡೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತರು. ಮೊದಲ ತೊಳೆತದ ನೀರಿಗೆ ಅದ್ದಿದ ದಾರ ಕೆಂಪು. ಎರಡನೆಯದಕ್ಕೂ ಕೆಂಪು. ಮೂರನೆಯದಕ್ಕೆ, ಅಂದರೆ ಹೋದ ಸಲ ನಾನು ಸಾಕು ಎಂದು ನಿಲ್ಲಿಸಿದ ಲೆಕ್ಕಕ್ಕೆ, ಕಂದು. ನಾಲ್ಕನೇ ತೊಟ್ಟಿಗೆ ಬಣ್ಣದ ಅಂಗಡಿಯ ಹುಳಿ ಆಸಿಡ್ಡನ್ನು ಅಳೆದು ಎರಡು ಮುಚ್ಚಳ ಬಿಟ್ಟೆ. ಕಾಸ್ಟಿಕ್ಕಿಗೆ ಹುಳಿ ಬಿದ್ದರೆ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಐದನೆಯದು ಬರೀ ನಳದ ನೀರು. ದಾರ ಹಳದಿಯಾಗಿ ಹೊರಬಂತು. ಬಟ್ಟೆಯ ಮೇಲಿನ ಕೆಂಪೂ ಹಳದಿಗೆ ಇಳಿದಿತ್ತು. ಅದನ್ನು ಬಿಸಿಲಿಗೆ ಹಾಕಿದೆವು. ನಮ್ಮ ಬೇಸಿಗೆಯ ಒಂದೂವರೆ ದಿನದ ಬಿಸಿಲಿಗೆ ಅರಿಶಿನ ಗುರುತು ಸಿಗದಂತೆ ಹಾರಿಹೋಯಿತು. ನೀಲಿ ಇದ್ದಲ್ಲೇ ಇತ್ತು. ಅರಿಶಿನಕ್ಕೆ ನೂಲಿನ ಮೇಲೆ ಕೂರಲು ಬರುತ್ತದೆ, ಬಿಸಿಲು ತಡೆಯಲು ಬರುವುದಿಲ್ಲ.

ಬುಧವಾರ ಸಂಜೆ ಸಾಹೇಬರು ಮತ್ತೆ ಬಂದಾಗ ನೇಯುವವಳು ಕರೆಯದೆಯೇ ಓಣಿ ದಾಟಿ ಬಂದಳು. ಅಂಗೈ ತುಂಬ ಹಸಿ ಅರಿಶಿನ.

"ಏನವ್ವ, ಮತ್ತ ಕುಬಸ ಐತೇನು?" ಎಂದರು ಸಾಹೇಬರು.

"ಇಲ್ರೀ. ಪರೀಕ್ಷಾ ಐತಿ," ಎಂದವಳೇ ಥಾನಿನ ಒಂದು ಮೂಲೆಯನ್ನು ಒದ್ದೆ ಮಾಡಿ, ನೀಲಿ-ಬಿಳಿ ಕೂಡುವಲ್ಲಿ ಅಂಗೈ ಒತ್ತಿದಳು.

ನಾಲ್ವರೂ ಬಗ್ಗಿ ನೋಡಿದೆವು. ಐದು ಬೆರಳೂ ಹಳದಿ. ನೀಲಿಯ ಅಂಚಿನವರೆಗೂ ಹಳದಿ. ಸಾಹೇಬರು ಫೋನಿನಲ್ಲಿ ಅದರ ಫೋಟೋ ಹೊಡೆದುಕೊಂಡರು. ಆ ಮೂಲೆಯನ್ನು ಕತ್ತರಿಸಿ ವರದಿಯ ಜೊತೆ ಇಡುತ್ತೇನೆಂದರು. ವರದಿಯಲ್ಲಿ ತೊಳೆತದ ತಪ್ಪನ್ನೂ ಬರೆಯುತ್ತೇನೆಂದರು. ಬರೆಯಿರಿ ಎಂದೆ.

ನೂಲು ಈ ವರ್ಷ ನಮ್ಮ ಕಡೆಗೇ ಬರುತ್ತಿದೆ. ಬರುವ ವರ್ಷ ಮತ್ತೆ ನೋಡುತ್ತಾರಂತೆ. ಕಾಸ್ಟಿಕ್ ಅಳೆಯುವ ಕಾಗದದ ಪಟ್ಟಿಗಳನ್ನು ಸಾಹೇಬರು ತಂದುಕೊಟ್ಟಿದ್ದಾರೆ. ಅದರ ಬಣ್ಣ ಓದಲು ಇನ್ನೊಂದು ಚೀಟಿ ನೋಡಬೇಕು, ಆ ಕೆಲಸ ಸೊಸೆಯದು. ನನಗೆ ದಾರ ಸಾಕು, ಅದಕ್ಕೆ ಎರಡೇ ಮಾತು ಬರುತ್ತವೆ. ದಾರಕ್ಕೆ ಅರಿಶಿನ ತಿಕ್ಕಿ ಕೊಡುವವಳು ಎದುರು ಮನೆಯವಳೇ.

"ನನ್ನ ಹೊಲಸು ಕೈಲೆ ನಿಮ್ಮ ಹಂಡೆ ಉಳೀತು ನೋಡ್ರಿ ಚಾಚಿ," ಎಂದು ಪ್ರತಿ ಸಲ ಹೇಳುತ್ತಾಳೆ. ಹೇಳಲಿ. ಖರೆ ಇದ್ದದ್ದಕ್ಕೆ ನಾನು ಜಗಳ ಮಾಡುವುದಿಲ್ಲ.

ಈಗ ಐದನೇ ತೊಟ್ಟಿಯಲ್ಲಿ ದಾರ ಹಳದಿಯಾಗಿ ಬಂದರೂ ನಾನು ಲಡಿಯನ್ನು ಗಳಕ್ಕೆ ಹಾಕುವುದಿಲ್ಲ. ಓಣಿಯ ಆ ಕಡೆಗೆ ಕೂಗುತ್ತೇನೆ. ಲಾಳಿಯ ಸಪ್ಪಳ ನಿಲ್ಲುತ್ತದೆ. ಅವಳು ಬಂದು ಒದ್ದೆ ಲಡಿಯನ್ನು ಬೆರಳುಗಳ ನಡುವೆ ಹಿಡಿದು, ನೂರು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾಳೆ.

"ಚುರು ಅನ್ನವಲ್ದು. ಹಾಕ್ರಿ," ಎನ್ನುತ್ತಾಳೆ.

ಆಮೇಲೆ ಹಾಕುತ್ತೇನೆ.